ನಲವತ್ನಾಲ್ಕನೆಯ ದೀಪ

ತಿಳಿಯಿತೇ ಎಂದು ಮೇಷ್ಟ್ರು ಕೇಳಿದ ಕೂಡಲೇ ತಲೆ ಅಲ್ಲಾಡಿಸಿಬಿಡುವುದು ವಿದ್ಯಾರ್ಥಿಗಳ ಹುಟ್ಟುಗುಣ. ತಿಳಿದವರು ಅಲ್ಲಾಡಿಸುತ್ತಾರೆ, ತಿಳಿಯದವರು ಇನ್ನೂ ಜೋರಾಗಿ ಅಲ್ಲಾಡಿಸುತ್ತಾರೆ. ಈ ತಲೆಯಾಟವನ್ನೇ ನಂಬಿಕೊಂಡು ನಮ್ಮ ಕಾಲೇಜುಗಳು ತಲೆಮಾರುಗಟ್ಟಲೆ ನಡೆದವು. ಆಮೇಲೆ ಅರಿವಿನ ದೀಪ ಬಂತು, ಎಲ್ಲರ ಬಂಡವಾಳ ಬಯಲಾಯಿತು.

ದೀಪವೆಂದರೆ ದೊಡ್ಡದೇನಲ್ಲ. ಪ್ರತಿ ಮೇಜಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದು ಬಲ್ಬು, ಹಣೆಗೆ ಸುತ್ತಿಕೊಳ್ಳಲು ಬೆರಳಗಲದ ಒಂದು ಪಟ್ಟಿ. ಕೇಳಿದ ಮಾತು ಅರ್ಥವಾಗದೆ ಒದ್ದಾಡುವಾಗ ಮಿದುಳಿನ ಮುಂಭಾಗದ ವಿದ್ಯುತ್ ಅಲೆಗಳು ಚೆಲ್ಲಾಪಿಲ್ಲಿಯಾಗಿರುತ್ತವೆ. ಅರ್ಥವಾದ ಕ್ಷಣ ಒಂದು ಲಯಕ್ಕೆ ಬಂದು ನಿಲ್ಲುತ್ತವೆ. ಪಟ್ಟಿ ಆ ಲಯವನ್ನು ಹುಡುಕುತ್ತಿತ್ತು. ಸಿಕ್ಕರೆ ಹಸಿರು, ಸಿಗದಿದ್ದರೆ ಕೆಂಪು. ವಿಶ್ವವಿದ್ಯಾಲಯದ ಎಲ್ಲ ತರಗತಿಗಳ ಎಲ್ಲ ದೀಪಗಳೂ ಆಡಳಿತ ಕಟ್ಟಡದ ನೆಲಮಹಡಿಯ ನಿಯಂತ್ರಣ ಕೊಠಡಿಯಲ್ಲಿ, ಒಂದು ಗೋಡೆಯ ತುಂಬ ಸಾಲುಸಾಲಾಗಿ ಕಾಣುತ್ತಿದ್ದವು. ಯಾರ ಪಾಠ ಯಾರ ತಲೆಗೆ ಹೋಯಿತು, ಯಾರದು ಗಾಳಿಗೆ ಹೋಯಿತು ಎಂಬುದು ಅಲ್ಲಿ ಕೂತವರಿಗೆ ಅಂಗೈ ಮೇಲಿಟ್ಟ ಹಾಗೆ ಗೊತ್ತಾಗುತ್ತಿತ್ತು.

ಈ ದೀಪವನ್ನು ಮೊದಲು ಹಾಡಿ ಹೊಗಳಿದವರಲ್ಲಿ ಚನ್ನವೀರ ಕಮ್ಮಾರರೂ ಒಬ್ಬರು. ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಎಂ.ಎಸ್ಸಿ. ತರಗತಿಗೆ ಭೌತಶಾಸ್ತ್ರ ಕಲಿಸುತ್ತಿದ್ದವರು. ಕುಲುಮೆಯ ಮನೆಯಲ್ಲಿ ಹುಟ್ಟಿ, ಕಾದ ಕಬ್ಬಿಣ ಕೆಂಪಾಗಿ, ಕಪ್ಪಾಗಿ, ತಣ್ಣಗಾಗುವುದನ್ನು ನೋಡುತ್ತಲೇ ಬೆಳೆದವರಾದ್ದರಿಂದ ಶಾಖದ ಪಾಠವೆಂದರೆ ಅವರಿಗೆ ಮೈಮೇಲೆ ಬಂದ ಹಾಗೆ. ವಿಭಾಗದ ಮುಖ್ಯಸ್ಥರಾಗಿ ಎಂದರೆ ಒಲ್ಲೆ ಎಂದರು, ಪರೀಕ್ಷಾ ಮಂಡಳಿಗೆ ಬನ್ನಿ ಎಂದರೆ ಒಲ್ಲೆ ಎಂದರು. ಪಾಠದ ಗಂಟೆಗಳು ಕಡಿಮೆಯಾಗುತ್ತವೆ, ಅದೊಂದೇ ಕಾರಣ. ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಬಂದು, ನನ್ನ ಮೈಯಿಂದ ಈ ಕೋಣೆಗೆ ಎಷ್ಟು ಶಾಖ ಹೋಗುತ್ತಿದೆ ಲೆಕ್ಕ ಹಾಕಿ ಎಂದು ಹುಡುಗರಿಗೆ ಹೇಳುವ ಆಸಾಮಿ.

ಅವರ ಪಾಠಕ್ಕೆ ಒಂದು ಪದ್ಧತಿಯಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಪ್ರಶ್ನೆ ಎತ್ತುತ್ತಿದ್ದರು, ಅದಕ್ಕೆ ಅಂದು ಉತ್ತರ ಹೇಳುತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಗುದ್ದಲಿಯ ಕಬ್ಬಿಣ ಮುಟ್ಟಿದರೆ ಕೊರೆಯುತ್ತದೆ, ಅದರ ಕಟ್ಟಿಗೆಯ ಹಿಡಿಕೆ ಕೊರೆಯುವುದಿಲ್ಲ, ಯಾಕೆ? ಇಂಥದ್ದು. ಕಪ್ಪುಹಲಗೆಯ ಎಡಮೂಲೆಯಲ್ಲಿ ಬರೆದು, ಸುತ್ತ ಗೆರೆ ಎಳೆದು, ನಾಳೆ ನೋಡೋಣ ಎಂದು ಕೈ ಝಾಡಿಸಿಕೊಂಡು ಹೊರಟುಬಿಡುವುದು. ತಂಗಳ ರೊಟ್ಟಿಗೆ ಮೊಸರು ಹಚ್ಚಿ ತಿಂದವರಿಗೇ ಅದರ ರುಚಿ ಗೊತ್ತು, ಪ್ರಶ್ನೆಯೂ ಹಾಗೇ, ಒಂದು ರಾತ್ರಿ ತಲೆಯಲ್ಲಿ ಇರಬೇಕು ಎನ್ನುವುದು ಅವರ ವಾದ. ಹುಡುಗರು ಅವರಿಗೆ ತಂಗಳ ಸರ್ ಎಂದೇ ಹೆಸರಿಟ್ಟಿದ್ದರು. ಬಯ್ದುಕೊಳ್ಳುತ್ತ ಹೋಗುತ್ತಿದ್ದರು, ಊಟದ ಹೊತ್ತಿನಲ್ಲಿ ಜಗಳಾಡುತ್ತಿದ್ದರು, ಬೆಳಿಗ್ಗೆ ಬಂದವರೇ ನಾನು ಮೊದಲು ಹೇಳುತ್ತೇನೆ, ನಾನು ಮೊದಲು ಎಂದು ಮೇಲೆ ಬೀಳುತ್ತಿದ್ದರು. ಆ ಬೆಳಗಿನ ಗದ್ದಲಕ್ಕಾಗಿಯೇ ಕಮ್ಮಾರರು ಬದುಕಿದ್ದರು ಎಂದರೂ ತಪ್ಪಿಲ್ಲ.

ದೀಪವನ್ನು ಪರೀಕ್ಷಿಸಲು ಮಾಡಿದ ಸಮಿತಿಯಲ್ಲಿ ಅವರೂ ಇದ್ದರು. ಇಪ್ಪತ್ತು ವರ್ಷದ ಹಳೇ ನೋಟ್ಸು ಓದಿ ಹೇಳಿ ಮನೆಗೆ ಹೋಗುವ ಮೇಷ್ಟ್ರುಗಳಿಗೆ ಈಗ ಬಿಸಿ ಮುಟ್ಟುತ್ತದೆ ಎಂದು ಅವರಿಗೆ ಒಳಗೊಳಗೇ ಖುಷಿ. ದೀಪದ ಎಣಿಕೆಯನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬ ಮಾತು ಬಂದಾಗ, ಪಾಠ ಮುಗಿದ ಗಂಟೆ ಹೊಡೆದಾಗ ತೆಗೆದುಕೊಳ್ಳಿ, ನಡುವೆ ತೆಗೆದುಕೊಂಡರೆ ಮೇಷ್ಟ್ರಿಗೆ ಅನ್ಯಾಯವಾಗುತ್ತದೆ ಎಂದು ಸೂಚಿಸಿದವರು ಅವರೇ. ಎಲ್ಲರೂ ಒಪ್ಪಿದರು, ಕಮ್ಮಾರರು ಸಹಿ ಹಾಕಿದರು. ಗಂಟೆ ಹೊಡೆಯುವ ಹೊತ್ತಿಗೆ ತಮ್ಮ ತರಗತಿಯೇ ತಲೆ ಕೆರೆದುಕೊಳ್ಳುತ್ತ ಕೂತಿರುತ್ತದೆ ಎಂಬುದು ಆ ಜಾಣರಿಗೆ ಹೊಳೆಯಲೇ ಇಲ್ಲ ನೋಡಿ.

ಮೊದಲ ತಿಂಗಳು ಮುಗಿದಾಗ ನಿಯಂತ್ರಣ ಕೊಠಡಿಯಿಂದ ಕರೆ ಬಂತು. ಅಲ್ಲಿಯ ಮೇಲ್ವಿಚಾರಕ ಬಸಲಿಂಗ ಅಂಗಡಿ ಕಮ್ಮಾರರ ಹಳೆಯ ಶಿಷ್ಯ. ಗುರುಗಳಿಗೆ ಕುರ್ಚಿ ಹಾಕಿ, ಚಹಾ ತರಿಸಿ, ಮಾತು ಹೇಗೆ ಶುರುಮಾಡುವುದೋ ತಿಳಿಯದೆ ಗೋಡೆಯ ಕಡೆ ಕೈ ಮಾಡಿದ. ಮೇಲಿನ ಸಾಲುಗಳೆಲ್ಲ ಹಸಿರು. ನೋಟ್ಸು ಓದಿ ಹೇಳುವವರ ಸಾಲು ಎಲ್ಲಕ್ಕಿಂತ ಹಸಿರು. ಕಮ್ಮಾರರ ಸಾಲಿನಲ್ಲಿ ನಲವತ್ನಾಲ್ಕಕ್ಕೆ ನಲವತ್ನಾಲ್ಕೂ ಕೆಂಪು. ನಿಯಮದ ಪ್ರಕಾರ ಮೂರು ತಿಂಗಳು ಹೀಗೇ ಆದರೆ ತರಗತಿ ಮುಚ್ಚಿ, ವಿದ್ಯಾರ್ಥಿಗಳನ್ನು ಪರದೆಯ ಮೇಲಿನ ರೆಕಾರ್ಡ್ ಮಾಡಿದ ಪಾಠಕ್ಕೆ ಕೂಡಿಸಬೇಕು. ಕಮ್ಮಾರರು ಬಾಯಿಗಿಟ್ಟ ಚಹಾ ಕೆಳಗಿಟ್ಟರು. ಎಣಿಕೆಯನ್ನು ಮರುದಿನ ಬೆಳಿಗ್ಗೆ ತೆಗೆದುಕೊಳ್ಳಿ, ಎಲ್ಲ ಹಸಿರಾಗಿರುತ್ತದೆ ಎಂದು ವಾದಿಸಿದರು. ಬಸಲಿಂಗ ಪಾಪ, ಸಮಿತಿಯ ಕಾಗದ ತೆಗೆದು ಅವರದೇ ಸಹಿ ತೋರಿಸಿದ.

"ಸರ್, ಗಂಟಿ ಹೊಡಿಯೂದ್ರೊಳಗ ಉತ್ತರ ಹೇಳಿಬಿಡ್ರಿ. ಅಷ್ಟ ಸಾಕು," ಎಂದ.

ಎರಡನೆಯ ತಿಂಗಳೂ ಕಮ್ಮಾರರು ಹಟ ಬಿಡಲಿಲ್ಲ. ಎರಡನೆಯ ತಿಂಗಳೂ ಸಾಲು ಕೆಂಪಾಯಿತು. ಮನೆಯಲ್ಲಿ ಹೆಂಡತಿ ಸುನಂದಾ ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಕೆಲಸಕ್ಕೆ ಇಬ್ಬರು ಹೆಣ್ಣಾಳುಗಳನ್ನು ಜೊತೆಗಿಟ್ಟುಕೊಂಡು ದಿನವೂ ನಾನೂರು ಜೋಳದ ರೊಟ್ಟಿ ಬಡಿಯುವ ಮನೆ. ಗಂಡ ಊಟದ ತಟ್ಟೆಯಲ್ಲಿ ರೊಟ್ಟಿ ಮುರಿಯದೆ ಕೂತದ್ದು ನೋಡಿ ಅವರಿಗೆ ಸಂಗತಿ ಗೊತ್ತಾಯಿತು. ಪಾಠವಿಲ್ಲದೆ ಈ ಮನುಷ್ಯ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದ ಮಾತೇ. ಒಂದು ಪ್ರಶ್ನೆ ಬಿಟ್ಟರೆ ಪ್ರಾಣ ಹೋಗುತ್ತದೆಯೇ, ಉಳಿದ ಐವತ್ತು ನಿಮಿಷ ನಿಮ್ಮದೇ ಅಲ್ಲವೇ ಎಂದು ಸಮಾಧಾನ ಹೇಳಿದರು. ಕಮ್ಮಾರರೂ ಅದನ್ನೇ ಕೇಳಬೇಕೆಂದು ಕಾಯುತ್ತಿದ್ದರೋ ಏನೋ.

ಮೂರನೆಯ ತಿಂಗಳಿಂದ ಕಪ್ಪುಹಲಗೆಯ ಎಡಮೂಲೆ ಖಾಲಿ ಉಳಿಯಿತು. ಕಮ್ಮಾರರು ಪ್ರಶ್ನೆ ಎತ್ತಿದ ಉಸಿರಿನಲ್ಲೇ ಉತ್ತರ ಹೇಳಿದರು. ನುಣ್ಣಗೆ, ಎಲ್ಲೂ ತೊಡಕದ ಹಾಗೆ. ದೀಪಗಳು ಒಂದೊಂದಾಗಿ ಹಸಿರಾದವು. ಹೇಳಬಾರದು, ಆದರೆ ಅವರಿಗೆ ಅದು ರುಚಿಸಿತು. ಇಪ್ಪತ್ತಾರು ವರ್ಷ ಮುಖ ನೋಡಿ ಊಹಿಸಿಕೊಂಡು ಕಲಿಸಿದ ಮನುಷ್ಯನಿಗೆ, ಬಾಯಿಂದ ಮಾತು ಬಿದ್ದ ಕೂಡಲೇ ನಲವತ್ತು ದೀಪ ಹಸಿರಾಗುವುದೆಂದರೆ ಸಣ್ಣ ಸುಖವಲ್ಲ. ನಲವತ್ಮೂರು ದೀಪ ಎನ್ನಬೇಕು. ಕೊನೆಯ ಬೆಂಚಿನ ನಲವತ್ನಾಲ್ಕನೆಯದು ಮಾತ್ರ ಕೆಂಪಾಗಿಯೇ ಇತ್ತು.

ಅದು ಜೈತುನ್ ನದಾಫಳ ದೀಪ. ಗಾದಿ ಹೊಲಿಯುವವರ ಮನೆಯ ಹುಡುಗಿ. ಅಪ್ಪ ಸೈಕಲ್ಲಿಗೆ ಬಿಲ್ಲು ಕಟ್ಟಿಕೊಂಡು ಊರೂರು ತಿರುಗಿ ಅರಳೆ ಹಿಂಜುತ್ತಿದ್ದವನು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ. ಮಾತು ಕಡಿಮೆ. ಆದರೆ ಬಾಯಿ ತೆರೆದರೆ ಮೇಷ್ಟ್ರಿಗೆ ಬೆವರಿಳಿಯುವಂಥ ಮಾತು. ಶಾಖ ಯಾವಾಗಲೂ ಬಿಸಿಯಿಂದ ತಂಪಿನ ಕಡೆಗೇ ಹರಿಯುತ್ತದೆ ಎಂದು ಕಮ್ಮಾರರು ಹೇಳಿದ ದಿನ ಎದ್ದು ನಿಂತಳು.

"ಸರ್, ತಂಪು ಯಾವ ಕಡೆ ಐತಿ ಅನ್ನೂದು ಶಾಖಕ್ಕ ಹೆಂಗ ಗೊತ್ತಾಗ್ತೈತ್ರಿ?"

ಹುಡುಗರು ನಕ್ಕರು. ಕಮ್ಮಾರರಿಗೆ ನಗು ಬರಲಿಲ್ಲ. ಶಾಖಕ್ಕೆ ಏನೂ ಗೊತ್ತಿಲ್ಲ. ಕಣಗಳು ಕಣ್ಣುಮುಚ್ಚಿಕೊಂಡು ಎಲ್ಲ ದಿಕ್ಕಿಗೂ ನುಗ್ಗುತ್ತವೆ, ಬಿಸಿಯಿರುವ ಕಡೆಯವು ಹೆಚ್ಚು ರಭಸದಲ್ಲಿರುವುದರಿಂದ ಒಟ್ಟು ಲೆಕ್ಕ ತಂಪಿನ ಕಡೆ ವಾಲುತ್ತದೆ ಅಷ್ಟೆ. ಈ ಮಾತನ್ನು ಹುಡುಗಿ ತಾನೇ ಕಂಡುಕೊಳ್ಳುವ ಹಾಗೆ ಮಾಡಲು ಮೂರು ದಿನ ಬೇಕು, ಮೂರು ತಂಗಳ ಪ್ರಶ್ನೆ ಬೇಕು. ಗಂಟೆ ಹೊಡೆಯಲು ನಾಲ್ಕೇ ನಿಮಿಷವಿತ್ತು. ಅದು ಪ್ರಕೃತಿಯ ನಿಯಮ ಎಂದು ಹೇಳಿ ಕೂಡಿಸಿದರು. ನಲವತ್ಮೂರು ಹಸಿರು ಹಾಗೇ ಉಳಿದವು.

ವಿದ್ಯಾರ್ಥಿಗಳಿಗೂ ಒಂದು ನಿಯಮವಿತ್ತು. ಒಂದು ಇಡೀ ಸೆಮಿಸ್ಟರ್ ಕೆಂಪಾಗಿದ್ದವರಿಗೆ ಆ ವಿಷಯ ಒಗ್ಗುವುದಿಲ್ಲವೆಂದು ತೀರ್ಮಾನಿಸಿ ಬೇರೆ ಕೋರ್ಸಿಗೆ ದಾಟಿಸುತ್ತಿದ್ದರು. ಸೆಮಿಸ್ಟರ್ ಮುಗಿಯಲು ಆರು ವಾರ ಇರುವಾಗ ಬಸಲಿಂಗನಿಂದ ಹೆಸರುಗಳ ಯಾದಿ ಬಂತು. ಭೌತಶಾಸ್ತ್ರದಿಂದ ಹೋಗಬೇಕಾದವರು: ಒಬ್ಬರು. ಆ ಒಬ್ಬರು ಜೈತುನ್. ಇಪ್ಪತ್ತಾರು ವರ್ಷದಲ್ಲಿ ಇಂಥ ವಿದ್ಯಾರ್ಥಿ ಅವರಿಗೆ ಇಬ್ಬರೋ ಮೂವರೋ ಸಿಕ್ಕಿದ್ದರು. ಇವಳನ್ನು ಕಳೆದುಕೊಂಡರೆ ತಾನು ಮೇಷ್ಟ್ರೇ ಅಲ್ಲ ಅನ್ನಿಸಿತು. ಬಸಲಿಂಗನ ಹತ್ತಿರ ಓಡಿದರು, ಕುಲಪತಿಗಳಿಗೆ ಪತ್ರ ಬರೆದರು. ಹುಡುಗಿ ದಡ್ಡಳಲ್ಲ, ಅವಳ ತಲೆ ನಿಲ್ಲದೆ ಓಡುತ್ತಿದೆ, ಅದಕ್ಕೇ ಕೆಂಪು ಎಂದರು. ನಿಮ್ಮ ಯಂತ್ರಕ್ಕೆ ದಡ್ಡತನಕ್ಕೂ ಯೋಚನೆಗೂ ವ್ಯತ್ಯಾಸ ಗೊತ್ತಿಲ್ಲ ಎಂದೂ ಬರೆದರು. ದೀಪ ಸುಳ್ಳು ಹೇಳುವುದಿಲ್ಲ ಎಂದು ಒಂದು ಸಾಲಿನ ಉತ್ತರ ಬಂತು.

ಆಗ ಅವರು ಆ ಕೆಲಸ ಮಾಡಿದರು. ಬಸಲಿಂಗನಿಂದ ಒಂದು ಹಣೆಪಟ್ಟಿ, ಒಂದು ಬಲ್ಬು ಕಡ ತಂದು, ಸಂಜೆ ಐದಕ್ಕೆ ಮನೆಗೆ ಬಾ ಎಂದು ಜೈತುನ್‌ಳಿಗೆ ಹೇಳಿದರು.

ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ, ರೊಟ್ಟಿ ಬಡಿಯುವ ಸಪ್ಪಳದ ನಡುವೆ, ಐದು ವಾರ ಈ ಪಾಠ ನಡೆಯಿತು. ಭೌತಶಾಸ್ತ್ರದ ಪಾಠವಲ್ಲ, ದೀಪ ಹಸಿರು ಮಾಡುವ ಪಾಠ. ಪ್ರಶ್ನೆ ಏಳುವ ಮುಂಚೆ ಒಂದು ತಳಮಳ ಆಗುತ್ತದಲ್ಲ, ಅದನ್ನು ಗುರುತಿಸು ಎಂದರು. ಗುರುತು ಸಿಕ್ಕ ಕೂಡಲೇ ಮನಸ್ಸಿನಲ್ಲಿ ಇದು ನಿಯಮ ಎಂದು ಹೇಳಿಕೊ, ಮುಂದಿನ ಸಾಲಿಗೆ ಹೋಗು. ಮತ್ತೆ ಎದ್ದರೆ ಮತ್ತೆ ಹೇಳಿಕೊ. ಹುಡುಗಿಗೆ ಮೊದಮೊದಲು ಆಗಲೇ ಇಲ್ಲ. ಬೆವರುತ್ತಿದ್ದಳು, ತಲೆನೋವು ಎನ್ನುತ್ತಿದ್ದಳು.

"ಸರ್, ತಡೆದ್ರ ಒಳಗ ಏನೋ ಮುರದಂಗ ಆಕ್ಕೈತ್ರಿ," ಎಂದಳು ಒಂದು ದಿನ.

"ಪರೀಕ್ಷಾ ಮುಗಿಯೂತನಾ ಅಷ್ಟವಾ. ಆಮ್ಯಾಲೆ ಎಷ್ಟ್ ಬೇಕಷ್ಟು ಕೇಳೀಯಂತ," ಎಂದರು ಕಮ್ಮಾರರು. ಮನಸಾರೆ ನಂಬಿಯೇ ಹೇಳಿದರು.

ನಾಲ್ಕನೆಯ ವಾರದಲ್ಲಿ ದೀಪ ಹಸಿರಾಯಿತು. ಮೊದಲು ಅರೆಕ್ಷಣ, ಆಮೇಲೆ ನಿಮಿಷಗಟ್ಟಲೆ. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳು ಹಿಟ್ಟಿನ ಕೈಯಲ್ಲೇ ಬಂದು ನೋಡಿದರು. ಕಮ್ಮಾರರು ತಾವೇ ಎದ್ದು ಎಲ್ಲರಿಗೂ ಬೆಲ್ಲದ ಚೂರು ಹಂಚಿದರು. ಜೈತುನ್ ಬೆಲ್ಲ ಬಾಯಿಗೆ ಹಾಕಿಕೊಂಡು ನಕ್ಕಳು. ಅವಳು ಹೋದ ಮೇಲೆ ಸುನಂದಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, ಗಂಡನ ಮುಖ ನೋಡದೆ ಒಂದು ಮಾತು ಅಂದರು.

"ಆ ಹುಡುಗಿ ಮಾರಿ ಮ್ಯಾಲಿನ ಕಳಾನ ಹೋತಲ್ರೀ."

ಕಮ್ಮಾರರಿಗೆ ಸಿಟ್ಟು ಬಂತು. ಪಾಠದ ವಿಷಯ ನಿನಗೇನು ತಿಳಿಯುತ್ತದೆ ಎಂದು ಗದರಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹಾಗೆ ಅಂದದ್ದು ಅದೇ ಮೊದಲು. ಸುನಂದಾ ಮತ್ತೆ ಆ ಮಾತೆತ್ತಲಿಲ್ಲ.

ಜೈತುನ್ ಉಳಿದುಕೊಂಡಳು. ಉಳಿದುಕೊಂಡದ್ದೇನು, ಎರಡನೆಯ ವರ್ಷಕ್ಕೆ ಇಡೀ ವಿಶ್ವವಿದ್ಯಾಲಯದಲ್ಲಿ ಅವಳ ದೀಪದಷ್ಟು ಸ್ಥಿರವಾದ ಹಸಿರು ದೀಪ ಇನ್ನೊಂದಿರಲಿಲ್ಲ. ಗೋಡೆಯ ಮೇಲೆ ನಲವತ್ನಾಲ್ಕನೆಯ ಚುಕ್ಕೆಯನ್ನು ಬಸಲಿಂಗ ಬಂದವರಿಗೆಲ್ಲ ತೋರಿಸುತ್ತಿದ್ದ. ಪರೀಕ್ಷೆಯಲ್ಲಿ ಮೊದಲ ಸ್ಥಾನ, ಪದಕ, ಪತ್ರಿಕೆಯಲ್ಲಿ ಫೋಟೊ. ಅಪ್ಪ ಅದೇ ಸೈಕಲ್ಲಿನಲ್ಲಿ ಬಂದು, ಕಮ್ಮಾರರ ಕೈ ಹಿಡಿದುಕೊಂಡು ನಿಂತಿದ್ದ. ಪರೀಕ್ಷೆ ಮುಗಿದ ಮೇಲೆ ಕಮ್ಮಾರರು, ಈಗ ಕೇಳವ್ವ, ಎರಡು ವರ್ಷದಿಂದ ಕಟ್ಟಿಟ್ಟದ್ದನ್ನೆಲ್ಲ ಕೇಳು ಎಂದರು. ಹುಡುಗಿ ತುಸು ಯೋಚಿಸಿ, ಏನೂ ಇಲ್ಲ ಸರ್, ಎಲ್ಲ ತಿಳಿದಿದೆ ಎಂದಳು. ದಣಿದಿದ್ದಾಳೆ, ಸ್ವಲ್ಪ ದಿನ ಹೋಗಲಿ ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಸಂಶೋಧನೆಗೆ ಸೇರಿಸಲು ದೂರದ ಒಂದು ದೊಡ್ಡ ಸಂಸ್ಥೆಗೆ ತಾವೇ ಪತ್ರ ಬರೆದು ಅವಳನ್ನು ಕಳಿಸಿದರು. ನಾಲ್ಕನೆಯ ದಿನ ಅವಳು ತಿರುಗಿ ಬಂದಳು. ವಿಭಾಗದ ಪ್ರಯೋಗಶಾಲೆಯಲ್ಲಿ, ಉಷ್ಣಮಾಪಕಗಳ ಕಪಾಟಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಪಾಠ ಒಪ್ಪಿಸುವಂತೆ ಎಲ್ಲವನ್ನೂ ಹೇಳಿದಳು. ಸಂದರ್ಶನದಲ್ಲಿ ಮೂವರು ಕೂತಿದ್ದರು. ಮೊದಲ ಅರ್ಧ ಗಂಟೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಒಂದೂ ತಪ್ಪಲಿಲ್ಲ. ಆಮೇಲೆ ಒಬ್ಬರು, ಒಣ ಮರಳಿನ ಗುಡ್ಡೆಯ ಮೇಲೆ ಒಂದೊಂದೇ ಕಾಳು ಮರಳು ಹಾಕುತ್ತ ಹೋದರೆ ಯಾವ ಕಾಳಿಗೆ ಗುಡ್ಡೆ ಜಾರುತ್ತದೆ, ಮೊದಲೇ ಹೇಳಲು ಬಂದೀತೇ ಎಂದರು. ಉತ್ತರ ನಮಗೂ ಗೊತ್ತಿಲ್ಲ, ನೀನಾದರೆ ಎಲ್ಲಿಂದ ಶುರುಮಾಡುತ್ತೀ ಅಷ್ಟೇ ಹೇಳು ಎಂದರು. ಬಿಳಿ ಹಾಳೆ ಕೊಟ್ಟರು. ನಲವತ್ತು ನಿಮಿಷ ಕೊಟ್ಟರು.

"ಏನ್ ಬರದಿ?" ಎಂದರು ಕಮ್ಮಾರರು.

"ಏನೂ ಬರೀಲಿಲ್ರಿ. ಒಳಗ ಏನೂ ಏಳಲೇ ಇಲ್ರಿ ಸರ್. ಇದನ್ನ ನಮಗ ಹೇಳಿಕೊಟ್ಟಿಲ್ಲ ಅಂತ ಹೇಳಿ ಬಂದೆ."

ಎರಡು ವರ್ಷದಿಂದ ಕಮ್ಮಾರರು ನೋಡಲೊಲ್ಲದೆ ಬದಿಗೆ ಸರಿಸಿಟ್ಟ ಸಂಗತಿ ಈಗ ಎದುರಿಗೇ ಸ್ಟೂಲಿನ ಮೇಲೆ ಕೂತಿತ್ತು. ಅರ್ಥವಾಗಿ ನಿಂತ ತಲೆಗೂ, ಕೇಳುವುದನ್ನು ಬಿಟ್ಟು ನಿಂತ ತಲೆಗೂ ಆ ದೀಪ ಒಂದೇ ಹಸಿರು ತೋರಿಸುತ್ತದೆ. ಅದನ್ನು ತಿಳಿದೂ ತಿಳಿದೂ ಆ ಹುಡುಗಿಯ ಕೈ ಹಿಡಿದು ಆ ಹಸಿರಿನೊಳಗೆ ನೂಕಿದವರು ತಾವೇ. ಅವಳು ಬೈದಿದ್ದರೆ, ಅತ್ತಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅವಳಿಗೆ ಅಂಥ ದುಃಖವೇನೂ ಇದ್ದಂತಿರಲಿಲ್ಲ. ನೀವು ಬಹಳ ಚೆನ್ನಾಗಿ ಕಲಿಸಿದಿರಿ, ಕೊರತೆ ನನ್ನದೇ ಎಂದಳು. ಬಸಲಿಂಗ ಸರ್ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಕೊಟ್ಟಿದ್ದಾರೆ, ಸೋಮವಾರದಿಂದ ಹೋಗುತ್ತೇನೆ ಎಂದು ನೇಮಕದ ಕಾಗದ ತೋರಿಸಿದಳು. ಹಸಿರು ದೀಪದಲ್ಲಿ ದಾಖಲೆ ಮಾಡಿದವಳಾದ್ದರಿಂದ ಸಂದರ್ಶನವೂ ಇಲ್ಲದೆ ಕೊಟ್ಟಿದ್ದರು.

ಆ ದಿನ ಮನೆಗೆ ಹೋದವರು ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ನೀ ಅವತ್ತ ಹೇಳಿದ್ದು ಖರೆ ಇತ್ತು," ಎಂದರು.

ಯಾವತ್ತಿನ ಮಾತೆಂದು ಸುನಂದಾ ಕೇಳಲಿಲ್ಲ. ಕೈ ತೊಳೆದುಕೊಂಡು ಬಂದು, ಗಂಡನನ್ನು ಕೂಡಿಸಿ, ತಾವೂ ಪಕ್ಕದಲ್ಲಿ ಕೂತರು. ಕಮ್ಮಾರರು ಮಕ್ಕಳಂತೆ ಅತ್ತರು.

ಹೊಸ ವರ್ಷದ ಹೊಸ ತಂಡ ಬಂತು. ಮತ್ತೆ ನಲವತ್ನಾಲ್ಕು ಜನ. ಮೊದಲ ದಿನವೇ ಕಮ್ಮಾರರು ಹಲಗೆಯ ಎಡಮೂಲೆಯಲ್ಲಿ ಒಂದು ಪ್ರಶ್ನೆ ಬರೆದು ಸುತ್ತ ಗೆರೆ ಎಳೆದರು. ಹುಡುಗರು ಉತ್ತರಕ್ಕಾಗಿ ಪೆನ್ನು ಹಿಡಿದುಕೊಂಡು ಕಾದರು. ಅವರು ಹೇಳಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ದಿನವೂ ಒಂದು. ಹುಡುಗರು ಗೊಣಗಿದರು, ಪರದೆಯ ಪಾಠವೇ ವಾಸಿ ಎಂದು ಅರ್ಜಿ ಕೊಟ್ಟರು. ಮೂರನೆಯ ತಿಂಗಳ ಕೊನೆಗೆ ಎಲ್ಲೋ ಮೂಲೆಯಲ್ಲಿ ಇಬ್ಬರು ಜಗಳಾಡಲು ಶುರುಮಾಡಿದ್ದರು, ಅಷ್ಟರಲ್ಲಿ ಪಾಠದ ನಡುವೆಯೇ ತರಗತಿಯ ಫೋನು ರಿಂಗಾಯಿತು.

"ಸರ್, ನಾನ್ರಿ, ಜೈತುನ್. ನಿಮ್ಮ ಸಾಲಿನ್ಯಾಗ ನಲವತ್ನಾಲ್ಕೂ ಕೆಂಪ ಅದಾವ್ರಿ. ಏನರ ತೊಂದರಿ ಆಗೇತೇನ್ರಿ?"

"ಏನೂ ತೊಂದರಿ ಇಲ್ಲವ್ವ. ಯೋಚನಿ ಮಾಡಾಕತ್ಯಾರ."

ಕಮ್ಮಾರರು ಫೋನನ್ನು ಕಿವಿಗೆ ಒತ್ತಿ ಹಿಡಿದರು. ಯಾಕೆ ಎಂದು ಒಂದು ಮಾತು ಕೇಳಲಿ, ಯಾವ ಪ್ರಶ್ನೆ ಸರ್ ಎಂದಾದರೂ ಕೇಳಲಿ ಎಂದು ಕಾದರು.

"ಹಂಗಾದ್ರ ವರದಿ ಬರೀಬೇಕಾಕ್ಕೈತ್ರಿ ಸರ್. ಮೂರು ತಿಂಗಳ ಆತು, ನಿಯಮ ಐತಿ."

"ಬರಿಯವ್ವ," ಎಂದರು ಕಮ್ಮಾರರು. ಫೋನಿಟ್ಟು, ಗಂಟೆ ಹೊಡೆಯುವವರೆಗೂ ಪಾಠ ಮಾಡಿದರು.

ವರದಿ ಮರುದಿನ ಬಂತು. ಯಾವ ಅಂಕಣವೂ ಖಾಲಿಯಿರಲಿಲ್ಲ. ತರಗತಿ ಮುಚ್ಚಿದ ದಿನಾಂಕ, ದೀಪಗಳ ಸಂಖ್ಯೆ, ಎಲ್ಲ ಅಚ್ಚುಕಟ್ಟಾಗಿ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದಳು. ಕಾರಣ ಎಂಬಲ್ಲಿ, ಅಧ್ಯಾಪಕರು ಉತ್ತರ ಹೇಳಲಿಲ್ಲ ಎಂದು ಬರೆದಿದ್ದಳು. ಕಮ್ಮಾರರು ಅದನ್ನು ಮೇಜಿನ ಮೇಲಿಟ್ಟು ಎರಡು ಸಲ ಓದಿದರು. ತಿದ್ದುವಂಥ ತಪ್ಪು ಒಂದೂ ಇರಲಿಲ್ಲ. ಪೆನ್ನು ತೆಗೆದು ಕೆಳಗೆ ಸಹಿ ಹಾಕಿದರು.